ತಳಪಟ್ಟಿಯ ಡೊಂಕು

ಮಂಗಸೂಳಿ ರಸ್ತೆಯ ತೋಟದ ಮನೆಯಲ್ಲಿ ಆಬಾಸಾಹೇಬರ ಗ್ಯಾರೇಜಿನಿಂದ ನೀರಿನ ಪಂಪಿನ ಎರಡು ಮೋಟರು, ಒಂದು ಸುರುಳಿ ಕೇಬಲ್ಲು ಕಳುವಾದವು. ಮರುದಿನ ಪೊಲೀಸರು ಸಮಾಧಾನ ಕಾಂಬಳೆಯನ್ನು ಅವನ ವೆಲ್ಡಿಂಗ್ ಅಂಗಡಿಯಿಂದ ಒಯ್ದು ಎರಡು ದಿನ ಇಟ್ಟುಕೊಂಡು ಹೊಡೆದರು. ಗ್ಯಾರೇಜಿನ ಶಟರಿನ ಮೇಲೆ ಅವನ ಹೆಸರಿತ್ತು.

ಅದಾದ ಏಳನೆಯ ಸೋಮವಾರ, ಬೆಳಗಿನ ಒಂಬತ್ತೂವರೆಗೆ, ಸಮಾಧಾನ ಅದೇ ಶಟರಿನ ಮುಂದೆ ಕುಕ್ಕರಗಾಲಲ್ಲಿ ಕೂತು ಕರೆಂಟಿನ ದಾರಿ ಕಾಯುತ್ತಿದ್ದ. ಈ ವಾರ ಹನ್ನೊಂದರ ಪಾಳಿ. ಅಲ್ಲಿಯವರೆಗೆ ವೆಲ್ಡಿಂಗ್ ಮಶಿನ್ನು ಟಂಟಂ ಗಾಡಿಯಲ್ಲಿ ಸತ್ತ ಕರುವಿನ ಹಾಗೆ ಬಿದ್ದಿರಬೇಕು, ಅವನು ಇಲ್ಲಿ ಹೀಗೆ ಬಿದ್ದಿರಬೇಕು, ಎದುರಿಗೆ ತನ್ನ ಹೆಸರನ್ನೇ ನೋಡುತ್ತ. ತಗಡಿನಲ್ಲಿ ಕೊರೆದ ಅಚ್ಚನ್ನಿಟ್ಟು ಕೆಂಪು ಬಣ್ಣ ಬಳಿದ ಅಕ್ಷರಗಳು: ಸಮಾಧಾನ ಫ್ಯಾಬ್ರಿಕೇಶನ್, ಶಿರಗುಪ್ಪಿ. ಕೆಳಗೆ ಮೊಬೈಲ್ ನಂಬರು. ಶಟರು ಮಾಡಿದವನು ಶಟರಿನ ಮೇಲೆ ತನ್ನ ಹೆಸರು ಬರೆಯುವುದು ಈ ಕಡೆಯ ರೂಢಿ; ಬರೆಯದಿದ್ದರೆ ಮುಂದಿನ ಗಿರಾಕಿ ಹೇಗೆ ಬಂದಾನು? ಮೂರು ವರ್ಷದ ಹಿಂದೆ, ಸ್ವಂತ ಅಂಗಡಿ ಹಾಕಿದ ಮೇಲೆ ಅವನು ಗಿರಾಕಿಗೆ ಮಾಡಿಕೊಟ್ಟ ಮೊದಲ ಶಟರು ಇದು. ಬಣ್ಣ ಹಸಿಯಿರುವಾಗಲೇ ಅವ್ವ ನೋಡಲು ಬಂದಿದ್ದಳು. ಓದು ಬಾರದ ಅವ್ವ, ಇದರಾಗ ನಿನ್ನ ಹೆಸರು ಯಾವುದೋ ಎಂದು ಕೇಳಿ, ಮುಟ್ಟಬ್ಯಾಡ ಎಂದರೂ ಕೇಳದೆ ಮೊದಲ ಅಕ್ಷರಕ್ಕೆ ಬೆರಳು ಹಚ್ಚಿದ್ದಳು. ಆ ಅಕ್ಷರದ ಹೊಟ್ಟೆ ಇವತ್ತಿಗೂ ಒರೆಸಿದಂತೆಯೇ ಇದೆ. "ನಮ್ಮತ್ತಿ ಈ ಗ್ವಾಡಿಗೆ ಬೆನ್ನ ಹಚ್ಚಿ ಕುಂತ್ಲಂತ ಗ್ವಾಡಿ ತೊಳಿಸಿದ್ರೋ," ಎಂದಿದ್ದಳು ಅವ್ವ, ಬೆರಳಿನ ಕೆಂಪನ್ನು ಸೆರಗಿಗೆ ಒರೆಸಿಕೊಳ್ಳುತ್ತ. "ಈಗ ನೋಡು, ನಮ್ಮ ಹೆಸರು ಹೊತ್ಕೊಂಡು ನಿಂತೈತಿ."

ಹೊತ್ತುಕೊಂಡು ನಿಂತಿತ್ತು, ನಿಜ. ಪೊಲೀಸರ ಜೀಪು ಬಂದಾಗಲೂ ಹೊತ್ತುಕೊಂಡೇ ನಿಂತಿತ್ತು. ಹವಾಲ್ದಾರ ಹೆಸರಿನ ಸುತ್ತ ಸುಣ್ಣದ ಕಡ್ಡಿಯಿಂದ ಎಳೆದ ಗೋಲ ಇನ್ನೂ ಅಳಿದಿರಲಿಲ್ಲ. ಅದರ ಕೆಳಗೆ ಯಾರೋ ಮೊಳೆಯಿಂದ ಮರಾಠಿಯಲ್ಲಿ 'ಚೋರ' ಎಂದು ಕೆತ್ತಿದ್ದರು. ಕಬ್ಬಿನ ಗಾಡಿಗಳೆಲ್ಲ ಫ್ಯಾಕ್ಟರಿಗೆ ಹೋಗುವುದು ಇದೇ ರಸ್ತೆಯಲ್ಲಿ. ಗಾಡಿ ಹೊಡೆಯುವವರು ಓದುತ್ತಾರೆ, ನಂಬರು ಬರೆದುಕೊಳ್ಳುತ್ತಾರೆ, ಹೊತ್ತಲ್ಲದ ಹೊತ್ತಿನಲ್ಲಿ ಫೋನು ಮಾಡುತ್ತಾರೆ. "ಸಮಾಧಾನ ಏನ್ರಿ? ನಮ್ಮ ಮನೀ ಯಾವಾಗ ಒಡೀತೀರಿ? ಮೊದಲ ಹೇಳಿದ್ರ ಅಡಿಗಿ ಮಾಡಿ ಇಡ್ತೀವಿ." ಫೋನಿನ ಆಚೆ ನಾಲ್ಕಾರು ಜನರ ನಗೆ. ಅವನು ನಂಬರು ಬದಲಿಸಲಿಲ್ಲ. ಬದಲಿಸಿದರೆ ಒಪ್ಪಿಕೊಂಡಂತೆ ಎಂದು ಹೆಂಡತಿ ಶುಭಾಂಗಿಗೆ ಹೇಳಿದ. ನಿಜವಾದ ಮಾತು ಬೇರೆ ಇತ್ತು. ಪ್ರತಿಸಲ ಫೋನು ರಿಂಗಾದಾಗಲೂ ಇದು ಗೆಳೆಯ ಮುರಗೆಪ್ಪನದಿರಬಹುದು ಎಂದು ಅವನ ಎದೆ ಒಂದು ಬಡಿತ ತಪ್ಪುತ್ತಿತ್ತು, ಮತ್ತು ಮುರಗೆಪ್ಪನಲ್ಲ, ಬರೀ ಬೈಯುವವರು ಎಂದು ತಿಳಿದಾಗ ಆ ಬಡಿತ ನೆಮ್ಮದಿಯಿಂದ ಮರಳಿ ಕೂಡುತ್ತಿತ್ತು. ಆ ನೆಮ್ಮದಿಯನ್ನು ಅವನು ಹೇಸುತ್ತಿದ್ದ.

ಬೆಳಿಗ್ಗೆ ಶುಭಾಂಗಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು ನಿಂತಿದ್ದಳು. "ಹೊಡಿಸಿದವನ ಬಾಗಲಕ್ಕ ಕೀಲಿ ಹಾಕಾಕ ಹೊಂಟೀರೇನ್ರಿ? ಕೈಕಾಲು ಸುದ್ದ ಆದ್ವು ಅಂತ ತೋರಸಾಕ?" ಅವನು ಆ್ಯಂಗಲ್ಲುಗಳನ್ನು ಗಾಡಿಗೆ ಹೇರುತ್ತಿದ್ದ. "ಅಂವ ಫೋನ್ ಮಾಡಿದ್ದ ತಡ, ಹೂಂ ಅಂದ್ರಿ. ಒಂದ್ ಸಲ, ಒಂದs ಒಂದ್ ಸಲ ಒಲ್ಲೆ ಅಂತ ಬಾಯಾಗ ಬಂದ್ರ ನಾಲಿಗಿ ಸುಡತೈತೇನು?" ಅವನು ಹೇಳಬಹುದಿತ್ತು: ನಾನು ಹೋಗುತ್ತಿರುವುದು ಆಬಾಸಾಹೇಬರ ಸಲುವಾಗಿ ಅಲ್ಲ, ಆ ಶಟರನ್ನು ಹತ್ತಿರದಿಂದ ನೋಡಲು. ಅದು ಹೇಗೆ ಸೋತಿತು ಎಂದು ನೋಡಲು. ಠಾಣೆಯಲ್ಲಿ ಅಂಗಾಲಿಗೆ ಬೀಳುವ ಹೊಡೆತಗಳ ನಡುವೆ ಅವನ ತಲೆಯೊಳಗೆ ತಿರುಗುತ್ತಿದ್ದುದು ನಾಚಿಕೆಗೇಡಿನ ಒಂದೇ ಪ್ರಶ್ನೆ, ನನ್ನ ವೆಲ್ಡಿಂಗು ಬಿಟ್ಟಿತೇ? ಮನುಷ್ಯನಾದವನು ಆಗ ತನ್ನ ಮಕ್ಕಳನ್ನು ನೆನೆಯುತ್ತಾನೆ, ತನ್ನ ಮಾನವನ್ನು ನೆನೆಯುತ್ತಾನೆ. ಅವನು ಒಂದು ಬೆಸುಗೆಯನ್ನು ನೆನೆದಿದ್ದ. ಇದನ್ನು ಹೆಂಡತಿಗೆ ಹೇಗೆ ಹೇಳುವುದು?

"ಏ, ಚೀಲ ತಗಿ. ತೋರಸು," ಎಂಬ ದನಿ ತಲೆಯ ಮೇಲಿಂದ ಬಂತು. ಆಬಾಸಾಹೇಬರ ಹೆಂಡತಿ ಕಾಂಚನಬಾಯಿ. ಹೊರಗೆ ಹೋಗುವಾಗ ಚೀಲ ನೋಡುವುದನ್ನು ಅವನು ಕಂಡಿದ್ದ. ಒಳಗೆ ಬರುವಾಗ ನೋಡುವುದನ್ನು ಇವತ್ತೇ ಕಂಡ. ಅವನು ಚೀಲ ಬಿಚ್ಚಿ ಒಂದೊಂದಾಗಿ ಫರಸಿಯ ಮೇಲಿಟ್ಟ: ಹೋಲ್ಡರು, ಸುತ್ತಿಗೆ, ಮೂಲೆ ಅಳೆಯುವ ಗುಣ್ಯಾ, ಟೇಪು, ಕೈಯಲ್ಲಿ ಮುಖಕ್ಕೆ ಅಡ್ಡ ಹಿಡಿಯುವ ಕರಿಗಾಜು, ಗ್ರೈಂಡರು. ಆಕೆ ಬಾಗದೆ, ಮುಟ್ಟದೆ, ಕಣ್ಣಿನಿಂದಲೇ ಎಣಿಸಿದಳು. "ಇಷ್ಟs ಬಂದಾವ. ಇಷ್ಟs ಹೋಗಬೇಕು." ನಂತರ ಒಳಕ್ಕೆ ತಿರುಗಿ, "ಸುರಜ! ಬಾರೋ ಇಲ್ಲೆ. ಇಂವ ಕೆಲಸಾ ಮಾಡೂತನಾ ಕುಂದ್ರು. ಕಣ್ಣ ಮುಚ್ಚಬ್ಯಾಡ."

ಸುರಜ ಬಂದ. ಒಬ್ಬನೇ ಮಗ, ಇಪ್ಪತ್ತೆರಡು ತುಂಬಿ ಇನ್ನೂ ಬಿ.ಎ. ಮೊದಲ ವರ್ಷ ದಾಟದವನು. ಆಗಷ್ಟೇ ಎದ್ದ ಮುಖ, ಕೈಯಲ್ಲಿ ಹೊಸ ಫೋನು. ಶಟರನ್ನು ಅರ್ಧಕ್ಕೆ ಎತ್ತಿ, ಬಕೀಟು ಬೋರಲು ಹಾಕಿ ಗ್ಯಾರೇಜಿನ ಒಳಗೆ, ಬೊಲೆರೋ ಗಾಡಿಯ ಪಕ್ಕ ಕೂತು, ನೆಲದ ಮೇಲಿದ್ದ ಏನನ್ನೋ ಎಳೆದುಕೊಂಡು ಅದರ ಮೇಲೆ ಕಾಲಿಟ್ಟ. "ನೋಡಪಾ ಸಮಾಧಾನ, ನಾ ನಿನ್ನ ಕಾಯಾಕತ್ತೀನಿ," ಎಂದು ನಕ್ಕ. "ಮಜಾ ಐತಿ ನೋಡು."

"ಹೌದ್ರಿ ಧಣ್ಯಾರ," ಎಂದ ಸಮಾಧಾನ. ಎಂದ ಮೇಲೆ ತನ್ನ ಬಾಯಿಯನ್ನು ತಾನೇ ಬೈದುಕೊಂಡ. ಹದಿನೈದು ವರ್ಷ ಕಿರಿಯ ಹುಡುಗನಿಗೆ ರಿ ಹಚ್ಚುವ ಈ ಬಾಯಿ ತನ್ನದಲ್ಲ, ಯಾರೋ ಮೊದಲೇ ತಯಾರು ಮಾಡಿ ಅವನ ಮುಖಕ್ಕೆ ಕೂಡಿಸಿದ್ದು. ಠಾಣೆಯಲ್ಲಿಯೂ ಇದೇ ಬಾಯಿ. ಹವಾಲ್ದಾರ ಮೊದಲನೆಯ ದಿನ ಬಹಳ ತರ್ಕದಿಂದ ಮಾತಾಡಿದ್ದ. "ಕೀಲಿ ಒಡದಿಲ್ಲ. ಕೊಂಡಿ ಮುರದಿಲ್ಲ. ನಟ್ಟನಡುವ ಪಟ್ಟಿ ಎತ್ತ್ಯಾರ. ನಡುವ ಎತ್ತಿದ್ರ ಏಳತೈತಿ ಅನ್ನೂದು ಮಾಡಿದವಗ ಬಿಟ್ಟು ಮತ್ತ್ಯಾರಿಗೆ ಗೊತ್ತಲೇ?" ಆಮೇಲೆ ತರ್ಕ ಮುಗಿದು ರೂಲುದೊಣ್ಣೆ ಶುರುವಾಯಿತು. ಮೊದಲನೆಯ ದಿನ ಅವನು ಯಾರ ಹೆಸರೂ ಹೇಳಲಿಲ್ಲ. ಅದನ್ನು ಅವನು ಈಗಲೂ ತನಗೆ ತಾನೇ ಹೇಳಿಕೊಳ್ಳುತ್ತಾನೆ, ಭಿಕ್ಷುಕ ಸವೆದ ನಾಣ್ಯವನ್ನು ಮತ್ತೆಮತ್ತೆ ಮುಟ್ಟಿಕೊಳ್ಳುವ ಹಾಗೆ. ಎರಡನೆಯ ದಿನ ಮಧ್ಯಾಹ್ನ ಯಾರೂ ಹೊಡೆಯುತ್ತಿರಲಿಲ್ಲ. ಹವಾಲ್ದಾರ ಚಹಾ ತರಿಸಿದ್ದ. ಬೆಲ್ಲದ ಚಹಾ, ಬಿಸಿ ಇತ್ತು. ಸಮಾಧಾನ ಎರಡು ಗುಟುಕು ಕುಡಿದಿದ್ದ. "ಶಟರ್ ಕೂಡಸೋಮುಂದ ನಿನ್ನ ಜೋಡಿ ಯಾರಿದ್ರಪಾ?" ಎಂದ ಹವಾಲ್ದಾರ, ಊರಲ್ಲಿ ಮಳೆ ಹೇಗೆ ಎಂದು ಕೇಳುವವನ ದನಿಯಲ್ಲಿ. "ಮುರಗೆಪ್ಪ ಇದ್ದನ್ರಿ," ಎಂದ ಸಮಾಧಾನ. ಸುಳ್ಳಲ್ಲ. ಸ್ಪ್ರಿಂಗು ಬಿಗಿಯಲು ಎರಡು ಕೈ ಸಾಲದೆ, ಟ್ರ್ಯಾಕ್ಟರ್ ರಿಪೇರಿ ಮಾಡುವ ಗೆಳೆಯ ಮುರಗೆಪ್ಪನನ್ನು ಅರ್ಧ ದಿನ ಕರೆದುಕೊಂಡಿದ್ದ. ಆ ಹೆಸರು ಹೊಡೆತಕ್ಕೆ ಬಂದಿದ್ದರೆ ಆಗುತ್ತಿತ್ತು. ಚಹಾಕ್ಕೆ ಬಂತು.

ಅವನನ್ನೂ ಒಯ್ದು ಹೊಡೆದರು. ಮುರಗೆಪ್ಪ ಈಗ ಎಡಗಾಲು ಎಳೆದು ನಡೆಯುತ್ತಾನೆ. ಕ್ಲಚ್ಚು ತುಳಿಯಲಾರದ ಮೆಕ್ಯಾನಿಕನ ಹತ್ತಿರ ಟ್ರ್ಯಾಕ್ಟರು ಯಾರು ಬಿಡುತ್ತಾರೆ? ಇಬ್ಬರ ಮೇಲೂ ಕೇಸಿಲ್ಲ, ಕಾಗದವಿಲ್ಲ. ಠಾಣೆಯಲ್ಲೊಂದು ಗೆರೆ ಎಳೆದ ನೋಟಬುಕ್ಕಿದೆ, ಪ್ರತಿ ಸೋಮವಾರ ಸಂಜೆ ಐದರೊಳಗೆ ಹೋಗಿ ಅದರಲ್ಲಿ ಸಹಿ ಮಾಡಬೇಕು. ಹಾಜರಿ. ಎಲ್ಲಿಯವರೆಗೆ ಎಂದರೆ ಮೋಟರು ಸಿಗುವವರೆಗೆ. ತಪ್ಪಿಸಿದರೆ ಎಲ್ಲಿದ್ದರೂ ಹುಡುಕಿ ತರುತ್ತೇನೆ ಎಂದು ಹವಾಲ್ದಾರ ಹೇಳಿದ್ದಾನೆ. ಆರು ಸೋಮವಾರ ಒಂದೇ ಕಟ್ಟೆಯ ಮೇಲೆ ಇಬ್ಬರೂ ಕೂತರು, ನಡುವೆ ಇನ್ನೊಬ್ಬರು ಕೂಡುವಷ್ಟು ಜಾಗ ಬಿಟ್ಟು. ಮುರಗೆಪ್ಪ ಬೈದಿದ್ದರೆ, ಉಗುಳಿದ್ದರೆ ಎದ್ದು ಕಾಲು ಹಿಡಿಯಬಹುದಿತ್ತು. ಅವನು ರಸ್ತೆ ನೋಡುತ್ತಿದ್ದ. ಹಿಂದಿನ ಸೋಮವಾರ ನೋಟಬುಕ್ಕಿನ ಮುಂದೆ ಸಮಾಧಾನನ ಪೆನ್ನು ಬರೆಯಲಿಲ್ಲ. ಎರಡು ಸಲ ಜಾಡಿಸಿದ, ಗೀಚಿದ. ಹಿಂದಿನಿಂದ ಒಂದು ಕೈ ಬಂದು ಮೇಜಿನ ಮೇಲೆ ಪೆನ್ನನ್ನಿಟ್ಟಿತು. ಉಗುರಿನ ಸಂದಿಯಲ್ಲಿ ಹಳೆಯ ಗ್ರೀಸಿದ್ದ ಕೈ. ಸಮಾಧಾನ ಆ ಪೆನ್ನಿನಿಂದ ಸಹಿ ಮಾಡಿದ. ತಿರುಗಿ ಕೊಡುವಾಗ ಮುಖ ನೋಡುವ ಧೈರ್ಯ ಬರಲಿಲ್ಲ, ಕೈಯನ್ನಷ್ಟೇ ನೋಡಿದ.

ಕರೆಂಟಿಗೆ ಇನ್ನೂ ಮುಕ್ಕಾಲು ತಾಸು. ಶಟರು ಅರ್ಧಕ್ಕೇ ನಿಂತಿತ್ತು. ನಡು ಬಾಗಿದ್ದರಿಂದ ಪೂರ್ತಿ ಏಳುತ್ತಿರಲಿಲ್ಲ. ಬಗ್ಗಿ ಒಳಗೆ ಹೋಗಿ ತಳಪಟ್ಟಿಯ ಮುಂದೆ ಮಂಡಿಯೂರಿದ. ಶಟರಿನ ಕೊನೆಯಲ್ಲಿ, ನೆಲಕ್ಕೆ ತಾಗುವಲ್ಲಿ, ಉದ್ದಕ್ಕೂ ಬೆಸೆದ ಕಬ್ಬಿಣದ ಪಟ್ಟಿ ಅದು; ಅದರ ಒಂದು ಅಂಚು ಎರಡು ಬೆರಳಿನಷ್ಟು ಒಳಮುಖವಾಗಿ ಚಾಚಿರುತ್ತದೆ. ಬೆರಳಿನಿಂದ ಬೆಸುಗೆಗಳನ್ನು ಮುಟ್ಟುತ್ತ ಹೋದ. ಎಡದಿಂದ ಒಂದು, ಎರಡು, ಹನ್ನೊಂದು, ಹದಿನೆಂಟು. ಒಂದೂ ಬಿಟ್ಟಿರಲಿಲ್ಲ. ಕೂದಲೆಳೆಯ ಬಿರುಕೂ ಇರಲಿಲ್ಲ. ಕಬ್ಬಿಣ ಬಾಗಿತ್ತು, ಬಿಲ್ಲಿನ ಹಾಗೆ ನಡುವೆ ಒಂದೂವರೆ ಗೇಣು ಎದ್ದಿತ್ತು, ಆದರೆ ಬೆಸುಗೆ ಬಿಟ್ಟಿರಲಿಲ್ಲ. ಅವನ ಗಂಟಲಿನಿಂದ ಸಣ್ಣದೊಂದು ಸಪ್ಪಳ ಹೊರಬಿತ್ತು. ನಗೆಯೇ ಅದು. ಏಳು ವಾರದಲ್ಲಿ ಮೊದಲ ಸಲ ಬಂದ ಸುಖ, ಅದೂ ಈ ಮನೆಯಲ್ಲಿ, ಈ ಹುಡುಗನ ಎದುರು ಮಂಡಿಯೂರಿ. ಅವನಿಗೆ ತನ್ನ ಮೇಲೆ ಹೇಸಿಗೆಯಾಯಿತು, ಆದರೂ ಬೆರಳು ಮತ್ತೊಮ್ಮೆ ಹದಿನೆಂಟನ್ನೂ ಮುಟ್ಟಿ ಬಂತು.

ಬೆರಳು ಪಟ್ಟಿಯ ಕೆಳಮೈಗೆ ಜಾರಿದಾಗ ನಟ್ಟನಡುವೆ ಏನೋ ತಾಗಿತು. ಬಗ್ಗಿ, ತಲೆ ಓರೆ ಮಾಡಿ ನೋಡಿದ. ಒಳಚಾಚಿದ ಅಂಚಿನ ಕೆಳಗೆ ದುಂಡನೆಯ ಒತ್ತು, ಸುತ್ತ ಹಲ್ಲುಹಲ್ಲಿನ ಗುರುತು. ಜಾಕು. ಗಾಡಿಯ ಗಾಲಿ ಬಿಚ್ಚುವಾಗ ಕೆಳಗಿಡುವ ಜಾಕಿನ ತಲೆ. ಹೊರಗಡೆ ನೋಡಿದ: ಹೊಸ್ತಿಲವರೆಗೆ ಗಚ್ಚು, ಶಟರು ಇಳಿದರೆ ಚಾಕುವಿನ ಅಲಗೂ ತೂರದಷ್ಟು ಕೂಡುವ ಹಾಗೆ ಅವನೇ ಮಾಡಿದ್ದು. ಒಳಗಡೆ ನೋಡಿದ: ಗಾಡಿ ತೊಳೆದ ನೀರು ಹೋಗಲೆಂದು ಶಟರಿನ ಗುಂಟ ಒಂದು ಗೇಣು ಆಳದ ಗಟಾರು. ಜಾಕು ಕೂಡುವುದಾದರೆ ಆ ಗಟಾರಿನಲ್ಲಿ ಮಾತ್ರ ಕೂಡಬೇಕು. ಗಟಾರು ಒಳಗಿದೆ. ಗ್ಯಾರೇಜಿನ ಒಳಗೆ ಬರಲು ಶಟರು ಬಿಟ್ಟರೆ ಇನ್ನೊಂದೇ ಬಾಗಿಲು, ಅಡುಗೆಮನೆಯ ಕಡೆಯದು, ಅದರ ಅಗಳಿ ಅಡುಗೆಮನೆಯೊಳಗಿದೆ. ಅವನು ತಲೆಯೆತ್ತಿದ. ಸುರಜನ ಹವಾಯಿ ಚಪ್ಪಲಿಯ ಕೆಳಗಿದ್ದುದು ಜಾಕು. ಅದರ ತಲೆಯ ಹಲ್ಲಿನ ಸಂದಿಯಲ್ಲಿ ಕೆಂಪು ಕಟ್ಟಿಕೊಂಡಿತ್ತು, ಸಮಾಧಾನನೇ ಮೂರು ವರ್ಷದ ಹಿಂದೆ ತುಕ್ಕು ಹಿಡಿಯದಿರಲೆಂದು ಈ ಪಟ್ಟಿಗೆ ಬಳಿದ ಬಣ್ಣ. ಸುರಜ ಫೋನಿನಲ್ಲಿ ಕ್ರಿಕೆಟ್ಟಿನ ಸ್ಕೋರು ನೋಡುತ್ತಿದ್ದ.

ಹೆಜ್ಜೆ ತೋರಿಸಬೇಕು. ಅಜ್ಜ ಸತ್ತೆಪ್ಪ ಊರಿನ ತರಾಳನಾಗಿದ್ದ. ಊರ ಕಾವಲು, ಹೊಟ್ಟೆಗೆ ಮನೆಮನೆಯ ರೊಟ್ಟಿ. ಕಳುವಾದರೆ ಕಳ್ಳನ ಹೆಜ್ಜೆ ಹಿಡಿದು ಊರ ಸೀಮೆಯವರೆಗೆ ತೋರಿಸಬೇಕು, ತೋರಿಸದಿದ್ದರೆ ತರಾಳನೇ ಕಳ್ಳ. ಒಮ್ಮೆ ಪಾಟೀಲರ ಹಗೇವಿನಿಂದ ಜೋಳ ಹೋದಾಗ ಅಜ್ಜ ಹೆಜ್ಜೆ ಹಿಡಿದು ಹೊರಟನಂತೆ. ಹೆಜ್ಜೆ ಹಗೇವಿನಿಂದ ಹೊರಟು ಕಣ ದಾಟಿ, ಬಾವಿ ಸುತ್ತಿ, ಮತ್ತೆ ಪಾಟೀಲರ ವಾಡೆಯ ಹಿಂಬಾಗಿಲಿಗೇ ಬಂದು ನಿಂತಿತಂತೆ. ಪಾಟೀಲರು, ಅಂದರೆ ಈ ಆಬಾಸಾಹೇಬರ ಅಜ್ಜ, ಹಿಂಬಾಗಿಲಲ್ಲಿ ನಿಂತು, "ಸತ್ತ್ಯಾ, ಮುಳ್ಳಿನ ಜಡ್ಡಿ ಎಳದ ಬಿಡು," ಎಂದರಂತೆ. ಅಜ್ಜ ಬಾರಿಗಿಡದ ಮುಳ್ಳುಜಡ್ಡಿ ತಂದು ಹೆಜ್ಜೆಯ ಮೇಲೆ ಎಳೆದ. ಆಮೇಲೆ ಹೆಜ್ಜೆ ಸಿಗಲಿಲ್ಲವೆಂದು ಚಾವಡಿಯಲ್ಲಿ ಹನ್ನೆರಡು ಏಟು ತಿಂದ. ಒಂದು ಧೋತರ, ಎರಡು ಸೇರು ಜೋಳ ಕೊಟ್ಟರು. ಈ ಕತೆಯನ್ನು ಅಜ್ಜಿ ನಗಿಸಲು ಹೇಳುತ್ತಿದ್ದಳು. ಅಜ್ಜ ಮುಳ್ಳು ಎಳೆಯುವುದನ್ನು, ಎಳೆಯುತ್ತ ತನ್ನ ಹೆಜ್ಜೆಯನ್ನೂ ತಾನೇ ಅಳಿಸಿಕೊಳ್ಳುತ್ತ ಹಿಂದೆ ಹಿಂದೆ ಸರಿಯುವುದನ್ನು ಎದ್ದು ಮಾಡಿ ತೋರಿಸುತ್ತಿದ್ದಳು. ಮನೆಯವರೆಲ್ಲ ಹೊಟ್ಟೆ ಹಿಡಿದು ನಗುತ್ತಿದ್ದರು. ಸಮಾಧಾನನೂ ನಕ್ಕಿದ್ದ. ನಮ್ಮ ಮುದುಕ ಎಂಥ ಶಾಣ್ಯಾ ಎಂದು.

ಆಬಾಸಾಹೇಬರು ಅಂಗಳದ ಕಡೆಯಿಂದ ಬಂದಾಗ ಅವನು ಇನ್ನೂ ಮಂಡಿಯೂರಿಯೇ ಇದ್ದ. ಬಿಳಿ ಅಂಗಿ, ಬಿಳಿ ಟೊಪ್ಪಿಗೆ, ಈಗಷ್ಟೇ ದೇವರ ಪೂಜೆ ಮುಗಿಸಿದ ಕುಂಕುಮ. ಅವರ ಕಣ್ಣು ಶಟರಿನ ಹೆಸರನ್ನು ನೋಡಿತು, ಶಟರು ಸುತ್ತಿಕೊಳ್ಳುವ ಮೇಲಿನ ಡಬ್ಬಿಯನ್ನು ನೋಡಿತು, ಎರಡೂ ಬದಿಯ ಕೀಲಿಗಳನ್ನು ನೋಡಿತು. ತಳಪಟ್ಟಿಯನ್ನು ನೋಡಲಿಲ್ಲ. ನೋಡದಂತೆ ನೋಡಲು ಅದಕ್ಕೆ ಅಭ್ಯಾಸವಾದಂತಿತ್ತು.

"ಬಂದಿ? ಚಲೋ ಆತು. ನೋಡಪಾ, ಆದದ್ದು ಆಗಿ ಹೋತು. ಮನಸಿನ್ಯಾಗ ಇಟ್ಕೋಬ್ಯಾಡ. ಪೊಲೀಸರ ಕೈ ನಮ್ಮ ಕೈಯಾಗ ಇರ್ತೈತೇನು? ನಾ ನಿನ್ನ ಹೆಸರು ಹೇಳಿಲ್ಲ ಅವರಿಗೆ, ದೇವರಾಣಿ. ಶಟರ್ ಹೇಳ್ತು."

ಸುರಜ ಫೋನಿನಿಂದ ಮುಖ ಎತ್ತದೆ ಕಿಸಕ್ಕೆಂದ.

"ಈಗ ಬಂದೋಬಸ್ತ ಪಕ್ಕಾ ಆಗಬೇಕು," ಎಂದು ಆಬಾಸಾಹೇಬರು ಬೆರಳು ಮಡಚತೊಡಗಿದರು. "ಎರಡೂ ಬಾಜೂಕ ಡಬಲ್ ಆ್ಯಂಗಲ್. ಕಿಡಕಿಗೆ ದಪ್ಪನ್ನ ಗ್ರಿಲ್. ನಡುವ ಒಂದು ದೊಡ್ಡ ಕೀಲಿ. ನಾಳೆ ಸಾಂಗ್ಲಿಯಿಂದ ಕ್ಯಾಮೆರಾದಂವ ಬರಾಂವ ಅದಾನ, ಅಲಾರಾಮನೂ ಕೂಡಸ್ತಾನ. ಹೊರಗಿಂದ ಇರವಿ ಸುದ್ದಾ ಬರಬಾರದ್ ನೋಡು, ಇರವಿ."

"ಅಡಗೀಮನಿ ಕಡೆ ಬಾಗಲಾ ಏನ್ ಮಾಡೂದ್ರಿ ಮಾಲಕ್ರ?"

"ಅದು ಮನೀ ಒಳಗಿನ ಬಾಗಲ ಅಲ್ಲೇನು?"

"ಹೌದ್ರಿ. ಅದs ಅಂದ್ನಿ."

"ಮನೀ ಒಳಗಿಂದ ಕಳ್ಳರು ಬರ್ತಾರೇನಲೇ ಮಬ್ಬ?" ಎಂದರು ಆಬಾಸಾಹೇಬರು. ದನಿ ಏರಲಿಲ್ಲ. ಆದರೆ ಬಕೀಟಿನ ಮೇಲೆ ಕೂತವನ ಪಾದ ಜಾಕಿನ ಮೇಲಿಂದ ಸದ್ದಿಲ್ಲದೆ ಕೆಳಗಿಳಿಯಿತು, ಮತ್ತು ಹಿಮ್ಮಡಿ ಅದನ್ನು ಹಿಂದಕ್ಕೆ, ಗಾಡಿಯ ಕೆಳಕ್ಕೆ, ಮೆಲ್ಲಗೆ ನೂಕಿತು. ನೆಲಕ್ಕೆ ಕಬ್ಬಿಣ ಉಜ್ಜಿದ ಸದ್ದು ಮೂವರಿಗೂ ಕೇಳಿಸಿತು. ಮೂವರೂ ಕೇಳಿಸದವರ ಹಾಗೆ ಇದ್ದರು. ಆ ಒಂದು ಗಳಿಗೆಯಲ್ಲಿ ಆಬಾಸಾಹೇಬರ ಕೆನ್ನೆಯ ಸ್ನಾಯು ಮುದುಕನದಾಯಿತು. ಸಮಾಧಾನನಿಗೆ ಅವರ ಬಗ್ಗೆ ಮರುಕ ಹುಟ್ಟುವುದರಲ್ಲಿತ್ತು. ಅದನ್ನು ಅವನು ಹುಟ್ಟುವ ಮೊದಲೇ ತುಳಿದ. ಇವರಿಗೆ ಗೊತ್ತಿದೆ. ಮೊದಲ ದಿನವೇ ಗೊತ್ತಿತ್ತೋ ಆಮೇಲೆ ಗೊತ್ತಾಯಿತೋ, ಗೊತ್ತಿದೆ. ಗೊತ್ತಿದ್ದೂ ಆರು ಸೋಮವಾರ.

ಆಬಾಸಾಹೇಬರು ಬಗ್ಗಿ ಒಳಗೆ ಬಂದು, ಅವನ ಎದುರಿಗೇ ಕುಕ್ಕರಗಾಲಲ್ಲಿ ಕೂತರು. ಈ ಮನೆಯವರು ಹೀಗೆ ಸಮಕ್ಕೆ ಕೂತದ್ದನ್ನು ಅವನೆಂದೂ ಕಂಡಿರಲಿಲ್ಲ.

"ಮೊದಲ ಈ ಡೊಂಕ ಪಟ್ಟಿ ಕೊಯ್ದು ತಗಿ. ಇದನ್ನ ಇಲ್ಲೆ ಬಿಡಬ್ಯಾಡ. ತುಂಡ ತುಂಡ ಮಾಡಿ ನಿನ್ನ ಗಾಡ್ಯಾಗ ಒಯ್ದು ಗುಜರಿ ಭಂಗಾರಕ್ಕ ಹಾಕು. ಹೊಸಾದು ಬಡಿ. ಬ್ಯಾರೆ ಊರಾವನ್ನ ಕರಸಬಹುದಿತ್ತು ನಾ. ಅಂವ ಹೋಗಿ ನಾಕ ಮಂದ್ಯಾಗ ಬಾಯಿ ಬಿಡ್ತಾನ. ನೀ ಬಿಡಂಗಿಲ್ಲ. ನಿನ್ನ ಬಾಯಿ ಯಾರು ನಂಬಬೇಕು?" ಅದನ್ನು ಅವರು ಬೈಗುಳವಾಗಿ ಹೇಳಲಿಲ್ಲ, ಉಪಾಯ ಹೇಳುವವರಂತೆ ಹೇಳಿದರು. "ಸಂಜಿಕ ಸಾಹೇಬರಿಗೆ ಒಂದು ಫೋನ್ ಮಾಡ್ತೀನಿ. ಇವತ್ತಿಗೆ ನಿನ್ನ ಹಾಜರಿ ಮುಗೀತು ಅಂತ ತಿಳಕೋ."

ಮುಗಿಯಿತು. ಆ ಮಾತಿಗೆ ಅವನ ಮೈ ಅವನನ್ನು ಕೇಳದೆಯೇ ಸಡಿಲಾಯಿತು, ಅಂಗಾಲಿನಿಂದ ಹೆಗಲಿನವರೆಗೆ. ಮೈಗೆ ನಾಚಿಕೆಯಿಲ್ಲ. ಬೆಲ್ಲದ ಚಹಾದ ರುಚಿ ನಾಲಿಗೆಗೆ ಬಂತು.

"ಮುರಗೆಪ್ಪಂದ್ರಿ?"

"ಅವಂದು ಅವಗ ಬಿಡು. ಮೋಟರ್ ಏನು ರೆಕ್ಕಿ ಬಂದು ಹಾರಿದ್ವೇನು? ಬುಕ್ಕಿನ್ಯಾಗ ಯಾರರ ಒಬ್ಬರ ಹೆಸರು ಇರಬೇಕಲಾ."

"ಮತ್ತ ಶಟರ್ ಮ್ಯಾಲಿನ ಹೆಸರು?"

"ಅದಕ್ಕ ಬಣ್ಣಾ ಹೊಡದು ಹೊಸಾದಾಗಿ ಬರಿ. ದೊಡ್ಡದಾಗಿ ಬರಿ. ನಾಳೆ ಮತ್ತೇನರ ಆತು ಅಂದ್ರ ಯಾರನ್ನ ಕೇಳಬೇಕು ಅನ್ನೂದು ಎಲ್ಲಾರಿಗೂ ಗೊತ್ತಿರ್ಲಿ." ಎದ್ದು ಧೋತರ ಜಾಡಿಸಿಕೊಂಡರು. ಮೈ ಹಗುರಾದವರಂತೆ ಸಣ್ಣಗೆ ನಕ್ಕರು. "ನಿಮ್ಮಜ್ಜ ಸತ್ತ್ಯಾನೂ ಹಿಂಗs ಇದ್ದ. ಭಾರೀ ಶಾಣ್ಯಾ. ನಮ್ಮ ಮುದುಕ ಹೇಳಿ ಹೇಳಿ ನಗತಿದ್ದ."

ಅಂದರೆ ಇವರ ಮನೆಯಲ್ಲಿಯೂ ಆ ಕತೆಗೆ ನಗುತ್ತಿದ್ದರು. ಒಂದೇ ಕತೆಗೆ ಎರಡು ಮನೆಗಳಲ್ಲಿ ನಗೆ. ಒಂದು ವಾಡೆಯಲ್ಲಿ, ಹೊಟ್ಟೆ ತುಂಬಿದ ಮೇಲೆ. ಇನ್ನೊಂದು ಕೇರಿಯಲ್ಲಿ, ಹೊಟ್ಟೆ ಹಿಡಿದುಕೊಂಡು. ಅಜ್ಜಿ ಹಿಂದೆ ಹಿಂದೆ ಸರಿಯುತ್ತ ಬಾಗಿ ಮುಳ್ಳು ಎಳೆದು ತೋರಿಸುವುದು ಕಣ್ಣಿಗೆ ಕಟ್ಟಿತು. ಅಜ್ಜ ಆ ನಗೆಯಲ್ಲಿ ಸೇರುತ್ತಿದ್ದನೇ? ಎಷ್ಟು ನೆನೆದರೂ ಅಜ್ಜನ ಮುಖ ಸಿಗಲಿಲ್ಲ, ಗೋಡೆಯ ಕಡೆ ಹೊರಳಿ ಮಲಗಿದ ಬೆನ್ನೊಂದು ಸಿಕ್ಕಿತು.

ಕರೆಂಟು ಬಂತು. ಸುತ್ತಲ ಹೊಲಗಳಲ್ಲಿ ಒಂದಾದ ಮೇಲೊಂದು ಪಂಪುಗಳು ಗುಂಯ್ ಎಂದು ಎದ್ದವು. ಮೇಲೆ ದೀಪ ಹತ್ತಿತು. "ಹೂಂ, ಶುರು ಮಾಡು," ಎಂದರು ಆಬಾಸಾಹೇಬರು. ಅವನು ಗ್ರೈಂಡರಿನ ವೈರನ್ನು ಬೋರ್ಡಿಗೆ ಸಿಕ್ಕಿಸಿದ, ಎಡಗೈಯಲ್ಲಿ ಕರಿಗಾಜು ಎತ್ತಿ ಮುಖಕ್ಕೆ ಹಿಡಿದ. ಕೊಯ್ಯಲು ಕರಿಗಾಜು ಬೇಕಾಗಿಲ್ಲ. ಆದರೂ ಹಿಡಿದ. ಅದರ ಹಿಂದೆ ಅವನ ಮುಖ ಯಾರಿಗೂ ಕಾಣುವುದಿಲ್ಲ. ಈ ಇಪ್ಪತ್ತು ವರ್ಷ ಗಿರಾಕಿಗಳ ಎದುರು ಅತ್ತಿದ್ದರೂ, ಬೈದಿದ್ದರೂ ಈ ಗಾಜಿನ ಹಿಂದೆಯೇ. ಬಟನ್ ಒತ್ತಿದ. ಚಕ್ರ ಚೀರಿತು. ಚಕ್ರಕ್ಕೂ ಪಟ್ಟಿಗೂ ನಡುವೆ ಒಂದು ಬೆರಳಿನ ಸಂದು. ಗಾಜಿನೊಳಗಿಂದ ಎಲ್ಲ ಕಪ್ಪು: ಆಬಾಸಾಹೇಬರ ಬಿಳಿ ಅಂಗಿ ಕಪ್ಪು, ಹೊರಗಿನ ಬಿಸಿಲು ಕಪ್ಪು. ಆ ಒತ್ತಿನ ಗುರುತೂ ಕಾಣುತ್ತಿರಲಿಲ್ಲ. ಕಾಣದಿದ್ದರೆ ಕೊಯ್ಯುವುದು ಸುಲಭ. ಕೊಯ್ದರೆ ಇವತ್ತು ಸಂಜೆ ಮನೆಯಲ್ಲಿರಬಹುದು. ಕಟ್ಟೆಯ ಮೇಲೆ ಮುರಗೆಪ್ಪ ಒಬ್ಬನೇ ಕೂತು ರಸ್ತೆ ನೋಡುತ್ತಾನೆ, ಪಕ್ಕದ ಜಾಗ ನೋಡುತ್ತಾನೆ, ಜೇಬಿನಲ್ಲಿ ಪೆನ್ನು.

ಅವನು ಗಾಜನ್ನು ಇಳಿಸಿದ. ಬಟನ್ನಿನಿಂದ ಬೆರಳು ತೆಗೆದ. ಚಕ್ರ ತಿರುಗಿ ತಿರುಗಿ ನಿಲ್ಲುವವರೆಗೂ ಕಾದು, ವೈರು ಕಿತ್ತು, ಅದನ್ನು ಗ್ರೈಂಡರಿಗೆ ನೀಟಾಗಿ ಸುತ್ತಿ ಚೀಲದಲ್ಲಿಟ್ಟ. ಹೋಲ್ಡರು, ಸುತ್ತಿಗೆ, ಗುಣ್ಯಾ, ಟೇಪು, ಗಾಜು. ಎಷ್ಟು ಬಂದಿದ್ದವೋ ಅಷ್ಟು.

"ಏನಾತಲೇ?"

"ಇದನ್ನ ನಾ ಕೊಯ್ಯಂಗಿಲ್ರಿ."

"ಏನಂದಿ?"

"ಜಾಕಿನ ಹಲ್ಲ ಮೂಡ್ಯಾವ ಇದರಾಗ. ನಾ ಕೊಯ್ಯಂಗಿಲ್ಲ."

ಸುರಜ ಬಕೀಟಿನಿಂದ ಎದ್ದು ನಿಂತ. ಬಕೀಟು ಉರುಳಿ ಗಟಾರಿಗೆ ಬಿತ್ತು. ಆಬಾಸಾಹೇಬರು ಮಗನ ಕಡೆ ತಿರುಗಲಿಲ್ಲ. ಅವರ ಮುಖದಲ್ಲಿ ರಕ್ತ ಏರಿ ಕುಂಕುಮ ಕಾಣದಾಯಿತು. "ನೀ ಕೊಯ್ಯದಿದ್ರ ಇನ್ನೊಬ್ಬ ಕೊಯ್ತಾನ. ಒಂದ ತಾಸ ಹಿಡಿಯಂಗಿಲ್ಲ. ಚೀಲಾ ಎತಗೊಂಡು ನಡಿ ಇಲ್ಲಿಂದ. ಸಂಜಿಕ ಠಾಣೇದಾಗ ನೋಡ್ಕೋತೀನಿ ನಿನ್ನ."

ಸಮಾಧಾನ ಚೀಲ ಎತ್ತಿಕೊಂಡ. ಶಟರಿನ ಕೆಳಗೆ ಬಗ್ಗಿ ಹೊಸ್ತಿಲಿಗೆ ಬಂದ. ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರೊಂದು ಹೋಗುತ್ತಿತ್ತು. ಹೊಡೆಯುವವನು ಶಟರನ್ನೂ ಅವನನ್ನೂ ನೋಡಿ ಏನೋ ಕೂಗಿ ನಕ್ಕ. ಸಮಾಧಾನ ಅಲ್ಲೇ, ಹೊಸ್ತಿಲ ಪಕ್ಕದಲ್ಲಿ, ಡೊಂಕು ಪಟ್ಟಿ ಕೈಗೆಟಕುವಷ್ಟು ಹತ್ತಿರ, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಕೂತು, ಬೆನ್ನನ್ನು ಗೋಡೆಗೆ ಹಚ್ಚಿದ. ಗೋಡೆ ತಣ್ಣಗಿತ್ತು.

"ನಡಿ ಅಂದ್ನಿ!"

"ಐದಕ್ಕ ಹಾಜರಿ ಐತ್ರಿ ನಂದು. ಹೋಗಂಗಿಲ್ಲ ಇವತ್ತ. ನಾ ಹೋಗದಿದ್ರ ಹವಾಲ್ದಾರ ಹುಡಿಕ್ಕೋತ ಬರ್ತಾನ. ಎಲ್ಲಿದ್ರೂ ಬರ್ತೀನಿ ಅಂದಾನ. ಬರ್ಲಿ. ಅವನ ಜೀಪಿನ ಜೋಡಿ ಊರ ಮಂದೀನೂ ಬರ್ತಾರ ನೋಡಾಕ. ಮೊದಲ ಹೊಡೀತಾನ, ಗೊತ್ತೈತಿ ನನಗ. ಹೊಡದ ಮ್ಯಾಲರ ಒಂದ್ ಸಲ ಕೇಳ್ತಾನಲಾ, ಇಲ್ಲ್ಯಾಕ ಕುಂತಿ ಅಂತ. ಆವಾಗ ಎಲ್ಲಾರ ಮುಂದ ಬೆರಳ ಹಚ್ಚಿ ತೋರಸ್ತೀನಿ."

ಗದ್ದಲ ಕೇಳಿ ಕಾಂಚನಬಾಯಿ ಅಂಗಳಕ್ಕೆ ಬಂದು ನಿಂತಿದ್ದಳು. ಗೋಡೆಗೆ ಹಚ್ಚಿದ ಬೆನ್ನನ್ನು ನೋಡಿದಳು. "ಅಯ್ಯ, ಗ್ವಾಡಿಗೆ..." ಎಂದಳು.

ಆಬಾಸಾಹೇಬರು ಶಟರು ದಾಟಿ ಹೊರಗೆ ಬಂದು ಅವನ ಮೇಲೆ ನಿಂತರು. ಅವರ ನೆರಳು ಅವನ ಮುಖದ ಮೇಲೆ ಬಿತ್ತು.

"ಏಳಲೇ ಮಗನ. ಎದ್ದ ನಡಿ."

"ಏಳಂಗಿಲ್ರಿ."